ಗೋರಿಯೊಳಗಿನ ಎಂಜಿನಿಯರ್ ಸಾಹೇಬರು

ನಾನು ಮೊದಲು ಓದಿದ ಇಂಗ್ಲಿಷು ಸಾಲಿಯ ಪುಸ್ತಕದ್ದಲ್ಲ, ನಮ್ಮ ಪಡಸಾಲೆಯ ತೊಲೆಯದು. ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಹಳ್ಳಿಯ ಮನೆಗೆ ಸಾಗವಾನಿಯ ಕಂಬ, ಬೇವಿನ ಜಂತಿ, ಅದರ ಮೇಲೆ ಮೊಳದಷ್ಟು ದಪ್ಪದ ಮೇಲ್ಮುದ್ದೆ. ಇವುಗಳ ನಡುವೆ, ಕರೆಯದೆ ಮದುವೆಗೆ ಬಂದು ಪಂಕ್ತಿಯಲ್ಲಿ ಕೂತವನ ಹಾಗೆ, ಒಂದೇ ಒಂದು ಕಬ್ಬಿಣದ ತೊಲೆ. ಬೇಸಿಗೆಯ ಮಧ್ಯಾಹ್ನ ಅಂಗಾತ ಮಲಗಿದರೆ ಅದರ ಪಕ್ಕೆಯ ಮೇಲೆ ಉಬ್ಬಿದ ಅಕ್ಷರಗಳು ಕಾಣುತ್ತಿದ್ದವು. ಮುಲ್ಕಿ ಪಾಸಾಗಿದ್ದ ಕಾಕಾ ಒಂದು ದಿನ ಕೂಡಿಸಿ ಕೂಡಿಸಿ ಓದಿದ: ಡಾರ್ಮನ್ ಲಾಂಗ್, ಇಂಗ್ಲಂಡ್.

“ಯಾರಪಾ ಅವರು?” ಅಂದಳು ಅಜ್ಜಿ.

“ತೊಲಿ ಮಾಡಿದವರು ಬೇ ಯವ್ವಾ.”

“ಪಾಪ, ನಮ್ಮ ಮನಿ ಹೊತಗೊಂಡ ನಿಂತಾರ,” ಎಂದವಳೇ ಆ ವರ್ಷದ ಖಂಡೇನವಮಿಯಿಂದ ಕುಡಗೋಲು, ಕುಂಟೆ, ಕೂರಿಗೆಗಳ ಜೊತೆಗೆ ತೊಲೆಗೂ ಕುಂಕುಮ ಹಚ್ಚಿಸತೊಡಗಿದಳು. ಏಣಿ ಹತ್ತಿ ಹಚ್ಚುವ ಕೆಲಸ ನನ್ನದು. ‘ಲಾಂಗ್’ ಎಂಬುದರ ಕೊನೆಯ ಅಕ್ಷರದ ಪಕ್ಕಕ್ಕೆ ವರ್ಷಕ್ಕೊಂದು ಬೊಟ್ಟು.

ಈ ತೊಲೆ ಬಂದದ್ದು ಮುತ್ತಜ್ಜನ ಹತ್ತಿ ವ್ಯಾಪಾರದ ಕಾಲದಲ್ಲಂತೆ. ಬಾಗಲಕೋಟೆಯ ಸ್ಟೇಶನ್ನಿನಿಂದ ಎರಡು ಚಕ್ಕಡಿಗಳನ್ನು ಹಿಂದೆ ಮುಂದೆ ಕಟ್ಟಿ, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಅನಗವಾಡಿಯ ಹತ್ತಿರ ಘಟಪ್ರಭೆ ದಾಟಿಸಿ ತಂದರಂತೆ. ಹಾದಿಯುದ್ದಕ್ಕೂ ಜನ, ದೇವರ ಪಲ್ಲಕ್ಕಿ ಬಂದಂತೆ, ಎದ್ದು ನಿಂತು ನೋಡಿದರಂತೆ. ಎಷ್ಟು ನಿಜವೋ, ಎಷ್ಟು ಅಜ್ಜಿಯ ಒಗ್ಗರಣೆಯೋ. ಒಂದು ಮಾತು ಮಾತ್ರ ನಾನು ದೊಡ್ಡವನಾದ ಮೇಲೆ ಓದಿ ತಿಳಿದದ್ದು. ಇಂಗ್ಲಂಡಿನ ಮಿಡಲ್ಸ್‌ಬರೋ ಊರಿನ ಇದೇ ಡಾರ್ಮನ್ ಲಾಂಗ್ ಕಂಪನಿಯವರು 1932ರಲ್ಲಿ ತೆರೆದ ಸಿಡ್ನಿಯ ದೊಡ್ಡ ಬಿಲ್ಲುಸೇತುವೆಯನ್ನೂ ಕಟ್ಟಿದರು. ಟಿ.ವಿ.ಯಲ್ಲಿ ಹೊಸ ವರ್ಷದ ರಾತ್ರಿ ಆ ಸೇತುವೆಯ ಮೇಲೆ ಪಟಾಕಿ ಹಾರಿಸುವಾಗಲೆಲ್ಲ ನನಗೆ ನಮ್ಮ ತೊಲೆ ನೆನಪಾಗುತ್ತದೆ. ಒಂದೇ ತಾಯಿಯ ಮಕ್ಕಳು. ಒಬ್ಬ ಸಮುದ್ರದ ಮೇಲೆ ನಿಂತು ಹೆಸರು ಮಾಡಿದ, ಇನ್ನೊಬ್ಬ ನಮ್ಮ ಜೋಳದ ಚೀಲಗಳ ಮೇಲೆ ನಿಂತು ಕುಂಕುಮ ಹಚ್ಚಿಸಿಕೊಂಡ.

ಆ ತೊಲೆಯಿಂದಲೇ ನನಗೆ ಸಾಹೇಬರ ಕಟ್ಟಡಗಳ ಚಟ ಹತ್ತಿತು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳು ಅಂದರೆ ಮುಂಬಯಿಗೆ ಹೋಗಬೇಕು, ಬೆಂಗಳೂರಿಗೆ ಹೋಗಬೇಕು ಎನ್ನುವವರೇ ಹೆಚ್ಚು. ಬೀಳಗಿಯಲ್ಲಿ ಕೂತವನಿಗೆ ಇದೆಲ್ಲ ಯಾಕೆ ಎಂದು ಕೇಳುವವರೂ ಇದ್ದಾರೆ. ಮೊದಲನೆಯವಳು ನನ್ನ ಹೆಂಡತಿ. ಆದರೆ ನಮ್ಮ ಭಾಗದಲ್ಲಿ ರಾಣಿಯ ರಾಜ್ಯ ಕಟ್ಟಿದ್ದಕ್ಕಿಂತ ಬಾಡಿಗೆಗೆ ಹಿಡಿದದ್ದೇ ಹೆಚ್ಚು, ಮತ್ತು ಆ ಬಾಡಿಗೆಯ ಕಥೆ ಕಟ್ಟಿದ ಕಥೆಗಿಂತ ರುಚಿಯಾಗಿದೆ ಎನ್ನುವುದು ನನ್ನ ವಾದ.

ಕಲಾದಗಿಯಿಂದ ಸುರುಮಾಡೋಣ. ಇವತ್ತು ಕಲಾದಗಿ ಅಂದರೆ ಚಿಕ್ಕೂ ಹಣ್ಣು. ಬಸ್ಸು ನಿಂತ ಕೂಡಲೆ ಕಿಟಕಿಗೆ ಬುಟ್ಟಿ ಬರುತ್ತದೆ. ಆದರೆ 1885ರವರೆಗೆ ಅದು ಜಿಲ್ಲೆಯ ತಲೆಯೂರು. ಕಲೆಕ್ಟರ್ ಸಾಹೇಬ, ದಂಡು, ಕಚೇರಿ, ವಕೀಲರು, ಅರ್ಜಿ ಬರೆಯುವವರು, ವಕೀಲರಿಗೆ ಚಹಾ ಕಾಸುವವರು ಎಲ್ಲರೂ ಅಲ್ಲಿದ್ದರು. ಬಿಜಾಪುರವೆಂಬ ಊರೇ ಕಲಾದಗಿ ಜಿಲ್ಲೆಯೊಳಗಿತ್ತು. ನಡುವೆ 1876ರಿಂದ 78ರ ಬರ ಬಂತು. ನಮ್ಮ ಹಿರಿಯರು ಅದಕ್ಕೆ ಬರೀ ‘ದೊಡ್ಡ ಬರ’ ಅಂದರು, ಅದಕ್ಕಿಂತ ದೊಡ್ಡ ಮಾತು ಅವರ ಹತ್ತಿರ ಇರಲಿಲ್ಲ. 1872ರ ಎಣಿಕೆಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನ 1881ರಲ್ಲಿ ಆರು ಲಕ್ಷ ಮೂವತ್ತೆಂಟು ಸಾವಿರಕ್ಕೆ ಇಳಿದರು. ಸತ್ತವರೆಷ್ಟು, ಗುಳೆ ಹೋದವರೆಷ್ಟು, ಆ ಲೆಕ್ಕ ಅಂಕಿಯಲ್ಲಿಲ್ಲ. ಹೊಟ್ಟೆಗಾಗಿ ಮಣ್ಣು ಹೊತ್ತವರ ಬುಟ್ಟಿಯಿಂದಲೇ ಹೋಟಗಿ–ಗದಗ ರೈಲುದಾರಿಯ ಒಡ್ಡು ಎದ್ದಿತು. 1884ರಲ್ಲಿ ಆ ದಾರಿಯ ಮೇಲೆ ಬಿಜಾಪುರಕ್ಕೆ ಗಾಡಿ ಬಂತು, ಕಲಾದಗಿಗೆ ಬರಲಿಲ್ಲ. ಮರುವರ್ಷವೇ ಕಲೆಕ್ಟರ್ ಸಾಹೇಬ ಕಾಗದದ ಗಂಟು ಕಟ್ಟಿಕೊಂಡು ಬಿಜಾಪುರಕ್ಕೆ ನಡೆದ.

ಗಂಟೇನೋ ಹೋಯಿತು, ಇಳಿಸುವುದೆಲ್ಲಿ? ಆದಿಲಶಾಹಿ ಹೋಗಿ ಇನ್ನೂರು ವರ್ಷ. ಊರು ತುಂಬ ಗುಮ್ಮಟ, ಮಹಲು, ಮಸೀದಿ. ಇರಲಿಕ್ಕೆ ಜನವಿಲ್ಲ. ಸರಕಾರ ನೋಡಿತು: ಗೋಡೆ ಗಟ್ಟಿ, ಒಳಗೆ ತಂಪು, ಬಾಡಿಗೆ ಕೇಳುವವರಿಲ್ಲ. ಅರಕಿಲ್ಲೆಯೊಳಗಿನ ಮಹಲುಗಳಿಗೆ ಕಚೇರಿಗಳು ಹೊಕ್ಕವು. ಒಂದು ಮಸೀದಿಯಲ್ಲಿ ಪೋಸ್ಟಾಫೀಸು, ಇನ್ನೊಂದರಲ್ಲಿ ಡಾಕ್ ಬಂಗ್ಲೆ. ಊರೊಳಗಿನ ಜೋಡಗುಮ್ಮಟವನ್ನು ನೀವು ನೋಡಿರಬೇಕು, ಸಾಹೇಬರು ಅದಕ್ಕೆ ‘ಇಬ್ಬರು ಅಕ್ಕತಂಗಿಯರು’ ಅನ್ನುತ್ತಿದ್ದರು. ಅಲ್ಲಿ ಮಲಗಿದವರು ಆದಿಲಶಾಹಿಯ ಸೇನಾಪತಿ ಖಾನ್ ಮುಹಮ್ಮದ್ ಮತ್ತು ಅಬ್ದುಲ್ ರಜಾಕ್, ಇಬ್ಬರೂ ಗಂಡಸರು. ಹೆಸರಿಡುವಾಗ ಸಾಹೇಬರು ಒಳಗೆ ಹೋಗಿ ಕೇಳಿರಲಿಕ್ಕಿಲ್ಲ. ಆ ಎರಡರಲ್ಲಿ ಎಂಟು ಮೂಲೆಯ ಗುಮ್ಮಟ ಖಾನ್ ಮುಹಮ್ಮದನ ಗೋರಿ. ಅದು ಸರಕಾರಿ ಎಕ್ಸಿಕ್ಯುಟಿವ್ ಎಂಜಿನಿಯರರ ಮನೆಯಾಯಿತು.

ಇದು ನನ್ನ ಕಲ್ಪನೆಗೆ ಎಷ್ಟು ವರ್ಷದಿಂದ ಮೇವು ಹಾಕಿದೆಯೋ! ಮೇಲೆ ಸಾಹೇಬರ ಮಂಚ, ಕೆಳಗೆ ಸೇನಾಪತಿಯ ಮಂಚ. ಊಟಕ್ಕೆ ಬನ್ನಿ ಎಂದು ಮೇಮ್‌ಸಾಹೇಬ ಕೂಗಿದರೆ ಗುಮ್ಮಟವೂ ಕೂಗಿರಬೇಕು. ರಸ್ತೆ ಸೇತುವೆಗಳ ಲೆಕ್ಕ ಬರೆಯುವ ಎಂಜಿನಿಯರನಿಗೆ ರಾತ್ರಿ ತಲೆಯ ಮೇಲಿನ ಕಮಾನು ನೋಡುತ್ತ ನಿದ್ದೆ ಬಂದಿರಲಿಕ್ಕಿಲ್ಲ. ಹೆದರಿಕೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಕಾಗದದ ಮೇಲೆ ನೂರು ಸಲ ಗೆರೆ ಎಳೆದರೂ ತನ್ನ ಇಲಾಖೆಯಿಂದ ಆಗದ ಕೆಲಸ ಅದು ಎಂದು ಅವನಿಗೆ ಗೊತ್ತಿತ್ತು.

ಸಾಹೇಬರು ಬಿಜಾಪುರವನ್ನು ಮೆಚ್ಚಿಕೊಂಡಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿಯೂ ಇದೆ. ಬಂಗಾಳದಲ್ಲಿ ನೀಲಿಯ ವ್ಯಾಪಾರ ಮಾಡಿ ಗಂಟು ಮಾಡಿಕೊಂಡು, ಆಮೇಲೆ ಕಟ್ಟಡಗಳ ಹುಚ್ಚು ಹಿಡಿಸಿಕೊಂಡ ಜೇಮ್ಸ್ ಫರ್ಗ್ಯುಸನ್ ಎಂಬಾತ 1866ರಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ದೊಡ್ಡ ಚಿತ್ರಗ್ರಂಥ ತಂದ. ಅದರಲ್ಲಿ ಜೊತೆಗೆ ಬರೆದವರು ಮೆಡೋಸ್ ಟೇಲರ್, ನಮ್ಮ ಸುರಪುರದವರ ‘ಮಹಾದೇವ ಬಾಬಾ’. ಟೇಲರ್ ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿಸಿದ ಬಂಗ್ಲೆ ಇನ್ನೂ ಇದೆ, ಟೇಲರ್ ಮಂಜಿಲ್ ಅನ್ನುತ್ತಾರೆ. ಬಿಜಾಪುರದ ಗೋಲಗುಮ್ಮಟದ ಒಳಗಿನ ಅಗಲ 124 ಅಡಿ. ಇಷ್ಟು ದೊಡ್ಡ ಗೋಲವನ್ನು ನಡುವೆ ಒಂದೂ ಕಂಬವಿಲ್ಲದೆ, ಚೌಕ ಗೋಡೆಯಿಂದ ಕಮಾನುಗಳನ್ನು ಒಂದಕ್ಕೊಂದು ಹೆಣೆದು, ಮೇಲಿನ ಭಾರವನ್ನು ಒಳಮುಖಕ್ಕೆ ದೂಡಿಸಿ ನಿಲ್ಲಿಸಿದ ಉಪಾಯ ಫರ್ಗ್ಯುಸನ್ನನ ಮನಸ್ಸು ಕೆಡಿಸಿತು. ಲಂಡನ್ನಿನವರಿಗೆ ಸೇಂಟ್ ಪಾಲ್ ಇಗರ್ಜಿಯ ಗೋಲವೇ ಜಗತ್ತಿನ ಹೊಕ್ಕಳು. ಅದಕ್ಕಿಂತ ಅಗಲವಾದದ್ದು ನಮ್ಮ ಜೋಳದ ಹೊಲಗಳ ನಡುವೆ, ಹತ್ತು ಹರದಾರಿಯಿಂದ ಕಾಣುವಂತೆ ನಿಂತಿದೆಯಲ್ಲ!

ಈಗ ಗುಮ್ಮಟದ ಕಥೆ ರೈಲು ಹತ್ತಿ ಮುಂಬಯಿಗೆ ಹೋಗುತ್ತದೆ. ಲಾರ್ಡ್ ಕರ್ಜನ್ ವೈಸರಾಯನಾಗಿ ಬಂದು ಬಿಜಾಪುರ ನೋಡಿದ. ಮಸೀದಿಯಲ್ಲಿ ಅಂಚೆಗೆ ಠಸ್ಸೆ ಹೊಡೆಯುವುದನ್ನು ಕಂಡು ಅವನಿಗೆ ನಾಚಿಕೆಯಾಯಿತು. ಡಾಕ್ ಬಂಗ್ಲೆಯನ್ನೂ ಪೋಸ್ಟಾಫೀಸನ್ನೂ ಎಬ್ಬಿಸಿದ. ಎಬ್ಬಿಸಿದ್ದನ್ನು ದೊಡ್ಡ ಸಭೆಯಲ್ಲಿ ಹೇಳಿಕೊಂಡ, 1904ರಲ್ಲಿ ಹಳೆಯ ಸ್ಮಾರಕಗಳನ್ನು ಕಾಯುವ ಕಾಯಿದೆಯನ್ನೂ ತಂದ. ಒಳ್ಳೆಯದೇ ಆಯಿತು. ಆದರೆ ಅದೇ 1904ರಲ್ಲಿ ಮುಂಬಯಿಯಲ್ಲಿ ದೊಡ್ಡ ಪೋಸ್ಟಾಫೀಸಿಗೆ ಕೆಲಸ ಸುರುವಾಯಿತು. ಸರಕಾರದ ವಾಸ್ತುಶಿಲ್ಪಿ ಜಾನ್ ಬೆಗ್ ಅದರ ನಕಾಶೆ ಮಾಡಿದ. ಯಾವುದರ ಮಾದರಿಯ ಮೇಲೆ? ನಮ್ಮ ಗೋಲಗುಮ್ಮಟದ ಮೇಲೆ! 1913ಕ್ಕೆ ಮುಗಿಯಿತು, ಇವತ್ತಿಗೂ ವಿ.ಟಿ. ಸ್ಟೇಶನ್ನಿನ ಪಕ್ಕಕ್ಕೆ ನಿಂತಿದೆ. ಅಂದರೆ ಬಿಜಾಪುರದ ಮಸೀದಿಯಿಂದ ಪೋಸ್ಟಿನವರನ್ನು ಹೊರಗೆ ಹಾಕಿದರು, ಅವರು ಹೋಗಿ ಮುಂಬಯಿಯಲ್ಲಿ ಬಿಜಾಪುರವನ್ನೇ ಕಟ್ಟಿಕೊಂಡು ಕೂತರು. ಬಾಡಿಗೆಯವನನ್ನು ಬಿಡಿಸಿದರೆ ಅವನು ಎದುರಿಗೇ ನಿಮ್ಮ ಮನೆಯಂಥದೇ ಮನೆ ಕಟ್ಟಿಸಿದ ಹಾಗೆ.

ಬೆಗ್ಗನ ಕೈಕೆಳಗಿದ್ದ ಜಾರ್ಜ್ ವಿಟೆಟ್ ಕಟ್ಟಿದ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ತಲೆಯ ಮೇಲೂ ಬಿಜಾಪುರದ್ದೇ ಟೊಪ್ಪಿಗೆ. ಸೀಸನ್ನಿನಲ್ಲಿ ಕೂಲಿಗೆಂದು ನಮ್ಮ ಕಡೆಯಿಂದ ಮುಂಬಯಿಗೆ ಹೋದ ಜನ ಎಷ್ಟೋ. ಆ ಗುಮ್ಮಟದ ಕೆಳಗೆ ಕೂತು ಊರಿಗೆ ಮನಿಯಾರ್ಡರು ಬರೆಸುವಾಗ ಅವರಲ್ಲಿ ಯಾರಾದರೊಬ್ಬ ತಲೆಯೆತ್ತಿ, “ಇದನ್ನ ಎಲ್ಲೋ ನೋಡೇನಲ್ಲ” ಅಂದಿರಬೇಕು.

ಈ ಶೈಲಿಗೆ ಪಂಡಿತರು ಇಂಡೋ-ಸಾರಸೆನಿಕ್ ಎಂದು ಹೆಸರಿಟ್ಟಿದ್ದಾರೆ. ಹೇಳುವಷ್ಟರಲ್ಲಿ ಹಲ್ಲುಸೆಟ್ಟು ಸಡಿಲಾಗುತ್ತದೆ. ನಮ್ಮ ಗೌಂಡಿ ಅಜ್ಜನ ಹತ್ತಿರ ಅದಕ್ಕೆ ಸಣ್ಣ ಹೆಸರಿತ್ತು: ‘ಸಾಹೇಬರ ಕಮಾನು’. ಎಂಬತ್ತು ದಾಟಿದ್ದ ಈ ಅಜ್ಜ ಬೀಳಗಿಯಲ್ಲಿ ನನ್ನ ಮನೆಯ ಕಟ್ಟೆಗೆ ದಿನಾ ಸಂಜೆ ಬರುತ್ತಿದ್ದ. ನಾನು ಗೋಥಿಕ್, ವಿಕ್ಟೋರಿಯನ್ ಎಂದು ಸುರುಮಾಡಿದರೆ, ತಂಬಾಕು ತಿಕ್ಕುತ್ತ ಕೇಳಿಸಿಕೊಂಡು, “ಮಾಸ್ತರ, ಚೂಪ ಕಮಾನಿಗೆ ಕಲ್ಲ ಹೆಚ್ಚ ಬೇಕೋ, ದುಂಡ ಕಮಾನಿಗೆ ಹೆಚ್ಚ ಬೇಕೋ, ಅದನ್ನ ಹೇಳ್ರಿ” ಅನ್ನುತ್ತಿದ್ದ. ನನಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಅವನೂ ಹೇಳುತ್ತಿರಲಿಲ್ಲ. ಕಟ್ಟುವವನಿಗೆ ಗೊತ್ತಿದ್ದು ಬರೆಯುವವನಿಗೆ ಗೊತ್ತಿಲ್ಲದ್ದು ಒಂದಾದರೂ ಉಳಿಯಲಿ ಎಂದಿರಬೇಕು.

ಅಜ್ಜನ ಮಾತು ಕಲ್ಲಿಗಿಂತ ಸುಣ್ಣದ ಮೇಲೆ ಹೆಚ್ಚು. ಊರ ಹೊರಗೆ ದುಂಡಗೆ ಕಲ್ಲಿನ ಕಾಲುವೆ ತೋಡಿ, ಅದರಲ್ಲಿ ಕೋಣ ಎಳೆಯುವ ಕಲ್ಲಿನ ಗಾಲಿ ಉರುಳಿಸಿ ಸುಟ್ಟ ಸುಣ್ಣವನ್ನೂ ಮರಳನ್ನೂ ಅರೆಯುವ ಗಾಣ. ಕೋಣ ಎಷ್ಟು ಸುತ್ತು ಬಂದಿತು ಎನ್ನುವುದರ ಮೇಲೆ ಗಚ್ಚಿನ ಆಯುಷ್ಯ. ನೀರಿಗೆ ಬೆಲ್ಲ, ಅಳಲೆಕಾಯಿ. “ಬೆಲ್ಲ ಗ್ವಾಡಿಗೆ ಹೋತೋ ಗೌಂಡಿ ಹೊಟ್ಟಿಗೆ ಹೋತೋ, ಸಾಹೇಬ ಬಂದು ಗ್ವಾಡಿ ನೆಕ್ಕಿ ನೋಡತಿದ್ದನಂತ್ರಿ,” ಎಂದು ಅಜ್ಜ ತನ್ನ ಅಪ್ಪನ ಕಾಲದ ಕಥೆ ಹೇಳಿ ನಗುತ್ತಿದ್ದ. ಸುಣ್ಣದ ಗಚ್ಚು ಸಾವಕಾಶ ಗಟ್ಟಿಯಾಗುತ್ತದೆ, ಗಾಳಿಯನ್ನು ಕುಡಿದು ಮತ್ತೆ ಕಲ್ಲಾಗುತ್ತದೆ. ಗೋಡೆ ಸ್ವಲ್ಪ ಅಲುಗಿದರೂ ಸಿಟ್ಟು ಮಾಡದೆ ಹೊಂದಿಕೊಳ್ಳುತ್ತದೆ. ಸಿಮೆಂಟಿನದು ಹರೆಯದ ಹುಡುಗನ ಸ್ವಭಾವ, ರಾತ್ರಿ ಬೆಳಗಾಗುವುದರೊಳಗೆ ಗಟ್ಟಿ, ಅಲುಗಿದರೆ ಸೀಳು. ಈಗ ನಮ್ಮ ಬಾಗಲಕೋಟೆಯಲ್ಲೇ ಸಿಮೆಂಟು ಆಗುತ್ತದೆ. ಗಾಣದ ಗಾಲಿಕಲ್ಲುಗಳು ಹೊಲದ ಬದುವಿನಲ್ಲಿ ಅರ್ಧ ಹೂತು ಬಿದ್ದಿವೆ. ಹುಡುಗರು ಅವನ್ನು ನೋಡಿ, ಹಿಂದಿನ ಕಾಲದ ರಾಕ್ಷಸರ ಬಳೆ ಅನ್ನುತ್ತಾರೆ.

ಹೆಂಚಿನ ಮಾತೂ ಇದರಲ್ಲೇ ಬರಲಿ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ರೈಲು ಬಂದ ಮೇಲೆ ಆ ಕೆಂಪು ಹೆಂಚು ಸ್ಟೇಶನ್ನು, ಸಾಲಿ, ಬಂಗ್ಲೆಗಳ ಮೇಲೆ ಏರುತ್ತ ನಮ್ಮ ಬಯಲುಸೀಮೆಗೂ ಬಂತು. ನಾಲ್ಕು ತಿಂಗಳು ಮಳೆ ಸುರಿಯುವ ಊರಿನವರು ತಮಗಾಗಿ ಕಂಡುಹಿಡಿದ ಇಳಿಜಾರು ಮಾಡನ್ನು, ಮಳೆಗಾಗಿ ಕತ್ತೆಯ ಮದುವೆ ಮಾಡಿಸುವ ಊರಿಗೆ ತಂದು ಹಾಕಿದರು. ಬೇಸಿಗೆಯಲ್ಲಿ ನಮ್ಮ ಮೇಲ್ಮುದ್ದೆಯ ಮನೆ ಮಡಕೆಯ ಹಾಗೆ ತಂಪು, ಹೆಂಚಿನ ಸಾಲಿ ರೊಟ್ಟಿಯ ತವೆ. ನಮ್ಮ ಮಾಸ್ತರರು ಮಧ್ಯಾಹ್ನದ ಪಾಠವನ್ನು ಬೇವಿನ ಗಿಡದ ಕೆಳಗೆ ಮಾಡುತ್ತಿದ್ದುದು ರವೀಂದ್ರನಾಥ ಟಾಗೋರರನ್ನು ಓದಿ ಅಲ್ಲ.

ಸರಕಾರಕ್ಕಷ್ಟೇ ಬಾಡಿಗೆಯ ಚಟವಿತ್ತು ಅನ್ನಬೇಡಿ, ಇದು ನಾಡಿನ ಚಟ. ಬೆಂಗಳೂರಿನಲ್ಲಿ ಟೀಪೂ ಸುಲ್ತಾನನ ಮರದ ಅರಮನೆಯಲ್ಲಿ 1831ರಿಂದ ಬ್ರಿಟಿಷ್ ಆಡಳಿತದ ಕಚೇರಿಗಳು ಕೂತವು. ಕಾಗದ ಹೆಚ್ಚಾಗಿ ಜಾಗ ಸಾಲದೆ 1868ರಲ್ಲಿ ಅಠಾರಾ ಕಚೇರಿಗೆ ಹೋದವು. ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಆ ಕೆಂಪು ಕಟ್ಟಡದಲ್ಲಿ ಆಮೇಲೆ ಹೈಕೋರ್ಟು ಬಂದು ಕೂತಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಎದ್ದಾಗ ಬೆಂಗಳೂರಿನ ಜನ ಕೋರ್ಟಿಗೆ ಹೋದರು, ಅಂದರೆ ಆ ಕಟ್ಟಡದೊಳಕ್ಕೇ ಹೋದರು. ತನ್ನ ಸಾವಿನ ಮೊಕದ್ದಮೆ ತನ್ನ ಹೊಟ್ಟೆಯೊಳಗೇ ನಡೆದ ಕಟ್ಟಡ ಬೇರೆಲ್ಲಾದರೂ ಇದೆಯೋ? ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡವೂ ಕಾಲೇಜಿಗೆಂದು ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ರೈಲ್ವೆಯವರು ಮದ್ರಾಸಿನ ಕಂಪನಿಯ ಜೊತೆ ಕೂಡಿಕೊಂಡು ಆ ಕಡೆ ಹೋದರು, 1917ರಲ್ಲಿ ಹುಟ್ಟಿದ ಕಾಲೇಜು ಖಾಲಿ ಮನೆ ಹಿಡಿಯಿತು. ನಮ್ಮ ಕಡೆಯ ಅರ್ಧದಷ್ಟು ಸಾಹಿತಿಗಳು ಗಾರ್ಡಿನ ಸೀಟಿ ಊದಬೇಕಾದ ಜಾಗದಲ್ಲಿ ಕವಿತೆ ಓದಿ ಬಂದವರು.

ಜಮಖಂಡಿಯ ಪಟವರ್ಧನರು ಮಾತ್ರ ಬಾಡಿಗೆಯವರಲ್ಲ, ಸ್ವಂತಕ್ಕೆ ಕಟ್ಟಿಸಿದವರು. ಅಪ್ಪಾಸಾಹೇಬ ರಾಮಚಂದ್ರರಾಯರು 1897ರವರೆಗೆ ಆಳಿದರು, ಹೆಚ್ಚು ಕಡಿಮೆ ಇಡೀ ವಿಕ್ಟೋರಿಯಾ ಯುಗ. ಅವರ ಮನೆತನದ ಹೆಸರು ಹೊತ್ತ ಕಟ್ಟಡ ಜಮಖಂಡಿಯಲ್ಲಷ್ಟೇ ಅಲ್ಲ, ಪುಣೆಯಲ್ಲೂ ಇದೆ, ಸರ್ ಪರಶುರಾಮಭಾವು ಕಾಲೇಜು. ರಾಮತೀರ್ಥದ ಗುಡ್ಡದ ಮೇಲಿನ ಅರಮನೆಗೆ ಸಂಜೆ ಹೋಗಿ ಕೂತರೆ ಕೆಳಗೆ ಊರು, ಆಚೆ ಕಬ್ಬು, ಅದರಾಚೆ ಮತ್ತೆ ಕಬ್ಬು. ಸಂಸ್ಥಾನಿಕರು ಆಗ ನೋಡುತ್ತಿದ್ದುದು ಕೊಲ್ಲಾಪುರದ ಕಡೆಗೆ. ಜಮಖಂಡಿ, ಮುಧೋಳಗಳ ಮೇಲೆ ಕಣ್ಣಿಡುವ ಪೊಲಿಟಿಕಲ್ ಏಜಂಟ್ ಕೂತದ್ದೂ ಅಲ್ಲೇ. ಅಲ್ಲಿಯ ಹೊಸ ಅರಮನೆಯ ನಕಾಶೆ ಮಾಡಿದವನು ಮೇಜರ್ ಚಾರ್ಲ್ಸ್ ಮಾಂಟ್. ರಜಪೂತರ ಛತ್ರಿ, ಗುಜರಾತಿನ ಗುಡಿಯ ಕಂಬ, ಇಂಗ್ಲಂಡಿನ ಗಡಿಯಾರದ ಗೋಪುರ, ಎಲ್ಲವನ್ನೂ ಒಂದೇ ತಾಟಿನಲ್ಲಿ ಬಡಿಸಿದ ಮನುಷ್ಯ. ಪಾಪ, ತಾನು ಕಟ್ಟಿಸುತ್ತಿದ್ದ ಅರಮನೆಗಳು ಕುಸಿದೇ ಬೀಳುತ್ತವೆ ಎಂದು ಭ್ರಮೆ ಹಿಡಿದು 1881ರಲ್ಲಿ ತೀರಿಕೊಂಡ ಎಂದು ಕಥೆ ಹೇಳುತ್ತಾರೆ. ಕೊಲ್ಲಾಪುರದ ಅರಮನೆ 1884ಕ್ಕೆ ಮುಗಿಯಿತು, ಒಂದು ಕಲ್ಲೂ ಅಲುಗಿಲ್ಲ. ಗೌಂಡಿ ಅಜ್ಜನಿಗೆ ಈ ಕಥೆ ಹೇಳಿದಾಗ ಅವನು ತಂಬಾಕು ಉಗುಳಿ, “ಗೌಂಡಿನ್ನ ಕೇಳಬೇಕಿತ್ತು” ಅಂದ.

ಸ್ಮಾರಕಗಳನ್ನು ಕಾಯುವವರು ನನ್ನ ಮೇಲೆ ಸಿಟ್ಟಾಗಬಹುದು, ಆದರೂ ಹೇಳುತ್ತೇನೆ. ಕರ್ಜನ್ ಮಾಡಿದ್ದು ಸರಿ. ಆದರೆ ಗುಮ್ಮಟದಲ್ಲಿ ಎಂಜಿನಿಯರ್ ಇದ್ದಷ್ಟು ದಿನ ಅದರ ಕಲ್ಲನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ. ಗೋಲಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಗಿದ್ದರಿಂದಲೇ ಅದಕ್ಕೆ ಬಾಗಿಲು, ಕಾವಲು, ವರ್ಷಕ್ಕೊಮ್ಮೆ ಸುಣ್ಣ ಸಿಕ್ಕಿತು. ಒಳಗೆ ಒಲೆ ಉರಿಯುವ ಮನೆ ಬೀಳುವುದಿಲ್ಲ, ಬೀಗ ಹಾಕಿದ ಮನೆ ಮೂರು ಮಳೆಗಾಲ ಕಾಣುವುದಿಲ್ಲ. ಬಾಡಿಗೆಯವನು ಗೋಡೆಗೆ ಮೊಳೆ ಹೊಡೆಯುತ್ತಾನೆ, ನಿಜ. ಸೋರಿದರೆ ಬೊಬ್ಬೆ ಹೊಡೆಯುವವನೂ ಅವನೇ.

ನಮ್ಮ ಹಳ್ಳಿಯ ಮನೆಗೆ ಮಾತ್ರ ಬಂದ ಬಾಡಿಗೆದಾರ ಬೇರೆ ಥರದವನು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ನಮ್ಮಲ್ಲಿ ಯಾರೂ ನಂಬಲಿಲ್ಲ, ಮೂವತ್ತು ವರ್ಷ ನಂಬಲಿಲ್ಲ. ಬೀಳಗಿ ತಾಲೂಕಿನ ಹುಡುಗರಿಗೆ ಹದಿಮೂರರ ಮಗ್ಗಿ ಬಾರದಿರಬಹುದು, 519.6 ಮತ್ತು 524.256 ಎನ್ನುವ ಎರಡು ಅಂಕಿ ಬಾಯಿಪಾಠ. ನೀರು ನಿಲ್ಲುವ ಎತ್ತರ, ನಿಲ್ಲಬೇಕಾದ ಎತ್ತರ, ಮೀಟರಿನಲ್ಲಿ. ಅಳೆಯಲಿಕ್ಕೆ ಬಂದ ಹುಡುಗ ಎಂಜಿನಿಯರ್ ನಮ್ಮ ಮನೆಯೊಳಗೆ ಟೇಪು ಹಿಡಿದು ಓಡಾಡಿದ. ಮಣ್ಣಿನ ಗೋಡೆ ಇಷ್ಟು, ಕಲ್ಲಿನ ಗೋಡೆ ಇಷ್ಟು, ಕಂಬ ಹನ್ನೆರಡು, ಹಗೇವು ಎರಡು, ಕಬ್ಬಿಣದ ತೊಲೆ ಒಂದು. ಅಜ್ಜಿ ಆಗ ಇರಲಿಲ್ಲ. ಇದ್ದಿದ್ದರೆ ಅವನಿಗೂ ಕುಂಕುಮ ಹಚ್ಚಿ ಚಹಾ ಕೊಡುತ್ತಿದ್ದಳೋ, ಇಲ್ಲಾ ಕೋಲು ಹಿಡಿದು ಅಟ್ಟುತ್ತಿದ್ದಳೋ ಗೊತ್ತಿಲ್ಲ.

ನೀರು ಬರುವ ಮೊದಲು ವ್ಯಾಪಾರಿಗಳು ಬಂದರು. ದಂಡೆಯ ಹಳ್ಳಿಗಳೆಲ್ಲ ಆ ಎರಡು ಮೂರು ವರ್ಷ ಕಟ್ಟಿಗೆಯ ಅಡತಿಯಾದವು. ಚೌಕಟ್ಟು, ಬಾಗಿಲು, ಕೆತ್ತನೆಯ ಕಂಬ, ಬೋದಿಗೆ, ಎಲ್ಲವೂ ಲಾರಿ ಹತ್ತಿದವು. ನಮ್ಮ ಪಡಸಾಲೆಯ ಕಂಬಗಳು ಈಗ ಯಾವುದೋ ದೊಡ್ಡ ಊರಿನ ಹೊಟೇಲಿನಲ್ಲಿ ನಿಂತು ‘ಹಳ್ಳಿಯ ಊಟ’ ಬಡಿಸುತ್ತಿರಬೇಕು. ಪುನರ್ವಸತಿ ಕೇಂದ್ರದ ಪ್ಲಾಟಿನಲ್ಲಿ ಕಾಕಾನ ಮಕ್ಕಳು ಆರ್.ಸಿ.ಸಿ. ಮನೆ ಕಟ್ಟಿಕೊಂಡರು. ಅದಕ್ಕೆ ತೊಲೆ ಬೇಕಾಗಲಿಲ್ಲ. ತೊಲೆಯನ್ನು ಗುಜರಿಯವನು ಒಯ್ದ. ನಾನು ಆಗ ಊರಲ್ಲಿರಲಿಲ್ಲ. ಕೊರ್ತಿ–ಕೊಲ್ಹಾರದ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೀರು ನೋಡುತ್ತೇನೆ. ಎಲ್ಲಿ ನೋಡಿದರೂ ಒಂದೇ ಥರ.

ಹೋದ ವರ್ಷ ಮುಧೋಳದ ರಸ್ತೆಯಲ್ಲಿ ನಮ್ಮ ಗಾಡಿ ಕೆಟ್ಟು ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು. ಕಬ್ಬಿನ ಟ್ರ್ಯಾಕ್ಟರಿನ ಎಂಜಿನ್ನು ಎತ್ತಲು ಎರಡು ಕಂಬದ ಮೇಲೆ ಅಡ್ಡ ಹಾಕಿದ ಕಬ್ಬಿಣದ ತೊಲೆ, ಅದಕ್ಕೆ ಸರಪಳಿಯ ಗಾಲಿ. ಕೆಂಪು ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಅಕ್ಷರ ಉಬ್ಬಿದ್ದವು. ನಾನು ಮೋಟರಿನ ಟಾಯರಿನ ಮೇಲೆ ಹತ್ತಿ ನಿಂತು ಬೆರಳಾಡಿಸಿದೆ. ಡಾರ್ಮನ್. ಇನ್ನೂ ಸ್ವಲ್ಪ ಸರಿದೆ. ಲಾಂಗ್.

ಅಂಥ ತೊಲೆ ಈ ದೇಶಕ್ಕೆ ಎಷ್ಟು ಬಂದಿವೆಯೋ, ಎಲ್ಲದರ ಮೇಲೂ ಅದೇ ಹೆಸರು. ಕೊನೆಯ ಅಕ್ಷರದ ಪಕ್ಕದ ಬಣ್ಣವನ್ನು ಕೀಲಿಕೈಯಿಂದ ಸ್ವಲ್ಪ ಕೆರೆದೆ. ಕೆಂಪಿನ ಕೆಳಗೆ ಕೆಂಪೇ ಇತ್ತು. ಬಣ್ಣವೋ, ತುಕ್ಕೋ, ಮತ್ತೇನೋ.

ಗ್ಯಾರೇಜಿನ ಹುಡುಗ ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಬಂದ. “ಬೇಕೇನ್ರೀ ಕಾಕಾ? ಹಳೀ ಮಾಲ ಐತಿ, ಗಟ್ಟಿ ಐತಿ. ಕಿಲೋ ಲೆಕ್ಕದಾಗ ಹಚ್ಚಿ ಕೊಡತೀನಿ,” ಅಂದ.